ತಗಡು ಹೊಡೆಯುವ ಮೊದಲು ಗೇಜ್ ಹಾಕಿ

ಡೀಸೆಲ್ ಗಾಡಿಗೆ ಪಿಕಪ್ ಇಲ್ಲ, ಹೊಗೆ ಕಪ್ಪಗೆ ಬರುತ್ತಿದೆ ಎಂದು ಯಾವ ಶೆಡ್ಡಿಗೆ ಹೋದರೂ ಈಚೆಗೆ ಸಿಗುವ ಉತ್ತರ ಒಂದೇ: ‘ಇಜಿಆರ್ ಹೋಗಿದೆ ಸರ್, ಒಂದು ಪ್ಲೇಟ್ ಹೊಡೆದುಬಿಡೋಣ.’ ಪ್ಲೇಟ್ ಅಂದರೆ ಗ್ಯಾಸ್ಕೆಟ್ಟಿನ ಆಕಾರಕ್ಕೆ ಕತ್ತರಿಸಿದ ಒಂದು ತುಂಡು ತಗಡು. ಇಜಿಆರ್ ವಾಲ್ವಿನ ಬೋಲ್ಟ್ ಸಡಿಲಿಸಿ, ನಡುವೆ ಅದನ್ನು ತೂರಿಸಿ, ಮತ್ತೆ ಬಿಗಿದರೆ ಮುಗಿಯಿತು. ಹೊಗೆ ಬರುವ ದಾರಿ ಬಂದ್. ಮಾಲೀಕ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಗಾಡಿ ಸಿದ್ಧ. ಒಮ್ಮೊಮ್ಮೆ ಗಾಡಿ ನಿಜವಾಗಿಯೂ ಮೊದಲಿಗಿಂತ ಚೆನ್ನಾಗಿ ಎಳೆಯುತ್ತದೆ. ಮೇಸ್ತ್ರಿಗೆ ಒಳ್ಳೆಯ ಹೆಸರೂ ಬರುತ್ತದೆ.

ನಾನು ಇದನ್ನು ರಿಪೇರಿ ಎನ್ನುವುದಿಲ್ಲ. ಸರ್ಕಾರಿ ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಡೀಸೆಲ್ ಮೆಕ್ಯಾನಿಕ್ ಕೆಲಸ ಕಲಿಸಿ ನಿವೃತ್ತನಾದವನು ನಾನು. ಈಗ ಬೆಳಗಿನ ಹೊತ್ತು ಚಿಕ್ಕಮಗಳೂರಿನಲ್ಲಿ ಹಳೆಯ ಶಿಷ್ಯನೊಬ್ಬನ ಶೆಡ್ಡಿನಲ್ಲಿ ಕೂತಿರುತ್ತೇನೆ. ಕಾಫಿ ತೋಟದ ಜೀಪು, ಸರಕು ಹೊರುವ ಪಿಕಪ್, ಮುಳ್ಳಯ್ಯನಗಿರಿಗೆ ಪ್ರವಾಸಿಗರನ್ನು ಹತ್ತಿಸುವ ಟ್ಯಾಕ್ಸಿ, ಎಲ್ಲವೂ ಅಲ್ಲಿಗೆ ಬರುತ್ತವೆ. ಬಿಎಸ್-3, ಬಿಎಸ್-4 ಕಾಲದ ಗಾಡಿಗಳೇ ಹೆಚ್ಚು. ಬಾನೆಟ್ ಎತ್ತಿದರೆ ಸಾಲಾಗಿ ತಗಡು. ತಗಡು ತೆಗೆದು ನೋಡಿದರೆ ಎಷ್ಟೋ ಸಲ ಒಳಗಿನ ವಾಲ್ವು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದನ್ನು ಎಳೆದು ತೆರೆಯಬೇಕಾದ ವ್ಯಾಕ್ಯೂಮ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಜಿಆರ್ ಮಾಡುವ ಕೆಲಸ ದೊಡ್ಡ ವಿದ್ಯೆಯಲ್ಲ. ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ ತಂದು, ಇಂಜಿನ್ ಎಳೆದುಕೊಳ್ಳುವ ಹೊಸ ಗಾಳಿಗೆ ಬೆರೆಸುತ್ತದೆ. ಒಮ್ಮೆ ಉರಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಶಾಖ ಹೀರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಅದರಿಂದ ಸಿಲಿಂಡರಿನೊಳಗಿನ ಉರಿಯ ಶಾಖ ಇಳಿಯುತ್ತದೆ. ಶಾಖ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಒಂದಕ್ಕೊಂದು ಕೂಡಿ ನೈಟ್ರೋಜನ್ ಆಕ್ಸೈಡುಗಳು ಭರದಿಂದ ಹುಟ್ಟುತ್ತವೆ. ಉಸಿರಾಟದ ನಾಳ ಕೆರಳಿಸುವ, ಬಿಸಿಲಿನಲ್ಲಿ ನೆಲಮಟ್ಟದ ಓಜೋನ್ ಹುಟ್ಟಿಸುವ ಅನಿಲಗಳು ಅವು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಎಷ್ಟು ಉಗುಳಬಹುದು ಎಂಬ ಮಿತಿ ಬಿಎಸ್-3ರಲ್ಲಿ 500 ಮಿಲಿಗ್ರಾಂ ಇತ್ತು. ಬಿಎಸ್-4ರಲ್ಲಿ 250ಕ್ಕೆ ಇಳಿಯಿತು, 2020ರ ಏಪ್ರಿಲ್ 1ರಿಂದ ಬಿಎಸ್-6ರಲ್ಲಿ 80. ಕಂಪನಿಗಳು ಈ ಮೆಟ್ಟಿಲು ಇಳಿದದ್ದರಲ್ಲಿ ಇಜಿಆರ್ ಪಾಲು ದೊಡ್ಡದು. ತಗಡು ಆ ಮೆಟ್ಟಿಲನ್ನೆಲ್ಲ ವಾಪಸ್ ಹತ್ತಿಸುತ್ತದೆ.

ಇಜಿಆರ್ ಬಗ್ಗೆ ದೂರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ವಾಪಸ್ ಬರುವ ಮಸಿ, ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ಎರಡೂ ಸೇರಿ ಮ್ಯಾನಿಫೋಲ್ಡಿನೊಳಗೆ ಕಪ್ಪು ಅಂಟು ಕಟ್ಟುತ್ತದೆ. ಕೆಲವು ಇಂಜಿನ್‌ಗಳಲ್ಲಿ ಗಾಳಿಯ ದಾರಿ ಅರ್ಧಕ್ಕರ್ಧ ಮುಚ್ಚಿಹೋದದ್ದನ್ನು ಉಳಿ ಹಿಡಿದು ಕೆತ್ತಿಸಿದ್ದೇನೆ. ವಾಲ್ವು ಆ ಅಂಟಿನಲ್ಲಿ ತೆರೆದೇ ಸಿಕ್ಕಿಬಿದ್ದಾಗ ಪ್ಲೇಟ್ ಹೊಡೆದರೆ ಗಾಡಿ ಚುರುಕಾಗುವುದು ಸುಳ್ಳಲ್ಲ. ಮೋಸ ಇರುವುದು ಅಲ್ಲೇ. ಒಂದು ಗಾಡಿಗೆ ಗುಣ ಕಂಡ ಮದ್ದನ್ನು ಎಲ್ಲ ಗಾಡಿಗೂ ಕುಡಿಸುತ್ತಿದ್ದೇವೆ.

ವ್ಯಾಕ್ಯೂಮ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಮೊದಲು ತಿಳಿಯಬೇಕು. ಪೆಟ್ರೋಲ್ ಇಂಜಿನ್ನಿಗೆ ಈ ಚಿಂತೆಯಿಲ್ಲ. ಥ್ರಾಟಲ್ ಮುಚ್ಚಿದಾಗ ಪಿಸ್ಟನ್ನುಗಳು ಎಳೆಯುವ ಎಳೆತಕ್ಕೆ ಮ್ಯಾನಿಫೋಲ್ಡಿನಲ್ಲಿ ತಾನಾಗಿಯೇ ವ್ಯಾಕ್ಯೂಮ್ ಇರುತ್ತದೆ. 1973ರ ಮಾಡೆಲ್‌ನಿಂದ ಅಮೆರಿಕದ ಕಾರುಗಳಲ್ಲಿ ಇಜಿಆರ್ ಸಾಮಾನ್ಯವಾದಾಗ ಈ ಎಳೆತವನ್ನೇ ಬಳಸಿಕೊಂಡರು. ಅಲ್ಲೂ ಒಂದು ಸೂಕ್ಷ್ಮವಿತ್ತು. ವಾಲ್ವಿನ ಪೈಪನ್ನು ಥ್ರಾಟಲ್ ತಟ್ಟೆಗಿಂತ ತುಸು ಮೇಲಿನ ರಂಧ್ರಕ್ಕೆ ಸಿಕ್ಕಿಸಬೇಕು. ಐಡಲ್‌ನಲ್ಲಿ ಅಲ್ಲಿ ಎಳೆತ ಇರುವುದಿಲ್ಲ, ಕಾಲು ಒತ್ತಿದರೆ ಮಾತ್ರ ಬರುತ್ತದೆ. ಗೊತ್ತಿಲ್ಲದವರು ಅದನ್ನು ಕೆಳಗಿನ ಮ್ಯಾನಿಫೋಲ್ಡ್ ನಿಪ್ಪಲ್ಲಿಗೆ ಸಿಕ್ಕಿಸಿದರೆ ಐಡಲ್‌ನಲ್ಲೇ ವಾಲ್ವು ತೆರೆದು ಇಂಜಿನ್ ಬಂದ್ ಆಗುತ್ತಿತ್ತು. ಯಾವ ಪೈಪು ಎಲ್ಲಿಗೆ ಎಂಬ ನಕ್ಷೆಯನ್ನು ಅಲ್ಲಿನ ಕಾರುಗಳ ಬಾನೆಟ್ಟಿನಡಿ ಅಂಟಿಸಿರುತ್ತಾರೆ. ನಮ್ಮ ಗಾಡಿಗಳಲ್ಲೂ ಹಾಗೊಂದು ಚೀಟಿ ಇದ್ದಿದ್ದರೆ ನನ್ನ ಅರ್ಧ ತಲೆನೋವು ಇರುತ್ತಿರಲಿಲ್ಲ.

ಡೀಸೆಲ್ಲಿಗೆ ಆ ಸೌಕರ್ಯವಿಲ್ಲ. ಗಾಳಿಯನ್ನು ತಡೆಯುವ ಥ್ರಾಟಲ್ ಅದಕ್ಕೆ ಬೇಕಿಲ್ಲವಾದ್ದರಿಂದ ಮ್ಯಾನಿಫೋಲ್ಡಿನಲ್ಲಿ ಹೇಳಿಕೊಳ್ಳುವಂಥ ಎಳೆತವೂ ಇಲ್ಲ. ಹಾಗಾಗಿ ಬೇರೆಯೇ ಒಂದು ಪಂಪು ಬೇಕು. ಕೆಲವು ಗಾಡಿಗಳಲ್ಲಿ ಅದು ಡೈನಮೋದ ಬೆನ್ನಿಗಿರುತ್ತದೆ, ಕೆಲವದರಲ್ಲಿ ಕ್ಯಾಮ್‌ಶಾಫ್ಟಿನ ತುದಿಯಲ್ಲಿ. ಒಳಗೆ ತಿರುಗುವ ವೇನ್‌ಗಳಿಗೆ ಇಂಜಿನ್ ಆಯಿಲ್ಲೇ ಜಾರುಗುಣ. ಪಂಪಿನಿಂದ ದಪ್ಪ ಪೈಪೊಂದು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ. ಅದರ ಪಕ್ಕದಿಂದ ಹೊರಡುವ ಸಣ್ಣ ಪೈಪುಗಳು ಎಳೆತವನ್ನು ಬಿಡುವ, ತಡೆಯುವ ವಿದ್ಯುತ್ ವಾಲ್ವುಗಳಾದ ಸೊಲೆನಾಯ್ಡುಗಳಿಗೆ, ಅಲ್ಲಿಂದ ಇಜಿಆರ್ ವಾಲ್ವಿನ ಡಯಾಫ್ರಮ್ಮಿಗೆ. ಹಲವು ಗಾಡಿಗಳಲ್ಲಿ ಟರ್ಬೊದ ಆಕ್ಚುಯೇಟರಿಗೂ ಇದೇ ಎಳೆತ.

ಮೂಲ ಒಂದು, ಉಣ್ಣುವವರು ಮೂವರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ರೋಗ ಗೊತ್ತಾದಂತೆಯೇ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ನನ್ನ ಹುಡುಗರಿಗೆ ಕೇಳುತ್ತಿದ್ದದ್ದೇ. ಪೈಪು ಒಡೆದು ವ್ಯಾಕ್ಯೂಮ್ ಹೋಯಿತು ಅನ್ನಿ. ಇಜಿಆರ್ ವಾಲ್ವು ಏನಾಗುತ್ತದೆ? ತೆರೆದುಕೊಳ್ಳುತ್ತದೆ ಎನ್ನುವವರೇ ಹೆಚ್ಚು. ಇಲ್ಲ, ಮುಚ್ಚಿಕೊಳ್ಳುತ್ತದೆ. ಒಳಗಿನ ಸ್ಪ್ರಿಂಗು ಅದನ್ನು ಮುಚ್ಚಿಯೇ ಇಡುತ್ತದೆ, ಎಳೆತ ಬಂದರೆ ಮಾತ್ರ ತೆರೆಯುತ್ತದೆ. ಹಾಗಿದ್ದಮೇಲೆ ವ್ಯಾಕ್ಯೂಮ್ ಸೋರುವ ಗಾಡಿಯಲ್ಲಿ ಕಪ್ಪು ಹೊಗೆಗೆ ಇಜಿಆರ್ ಕಾರಣವಾಗುವುದು ಹೇಗೆ? ಆಗುವುದಿಲ್ಲ. ಅದೇ ಎಳೆತವನ್ನು ನಂಬಿದ ಟರ್ಬೊದ ಆಕ್ಚುಯೇಟರ್ ಕೈಕೊಟ್ಟಿರುತ್ತದೆ. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಹೊಗೆ ಬರುತ್ತದೆ. ಅಲ್ಲಿ ಇಜಿಆರ್‌ಗೆ ತಗಡು ಹೊಡೆಯುವುದೆಂದರೆ ಆಗಲೇ ಮುಚ್ಚಿದ ಬಾಗಿಲಿಗೆ ಇನ್ನೊಂದು ಬೀಗ.

ಬಾಳೆಹೊನ್ನೂರು ಕಡೆಯ ತೋಟವೊಂದರ ಪಿಕಪ್ ಹೀಗೇ ಬಂತು. ಜೊತೆಯಲ್ಲಿ ಎಸ್ಟೇಟ್ ರೈಟರೂ ಇದ್ದರು. ‘ಮೇಷ್ಟ್ರೇ, ಪ್ಲೇಟ್ ಹೊಡೆಸಿ ಆಯ್ತು, ಆದ್ರೂ ಏರು ಹತ್ತಲ್ಲ. ಟರ್ಬೊ ಹೋಗಿದೆ, ಹೊಸದೇ ಹಾಕ್ಬೇಕು ಅಂತಾರೆ. ಸಾವ್ಕಾರ್ರಿಗೆ ಏನು ಹೇಳೋದು?’ ಎಂದು ಡ್ರೈವರ್ ಕೇಳಿದ. ನನ್ನ ಶಿಷ್ಯ ಪಂಪಿನ ಬಾಯಿಗೆ ಟೀ ತುಂಡೊಂದನ್ನು ಸಿಕ್ಕಿಸಿ ಗೇಜ್ ಹಾಕಿದ. 24 ಇಂಚು ಪಾದರಸ. ಚೆನ್ನಾಗಿದೆ. ಸೊಲೆನಾಯ್ಡಿಗೆ ಒಳಬರುವ ಪೈಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಟರ್ಬೊಗೆ ಹೋಗುವ ಪೈಪಿನ ಕೊನೆಯಲ್ಲಿ ನೋಡಿದರೆ ಮುಳ್ಳು 6ರ ಆಸುಪಾಸಿನಲ್ಲಿ ನಡುಗುತ್ತಿದೆ. ಬೆರಳಲ್ಲಿ ಸವರಿಕೊಂಡು ಹೋದರೆ ಇಂಜಿನ್ ಹಿಂಬದಿಯಲ್ಲಿ, ಬಿಸಿ ಮ್ಯಾನಿಫೋಲ್ಡಿನ ಪಕ್ಕ, ಪೈಪಿನ ತುದಿ ಉದ್ದಕ್ಕೆ ಸೀಳಿತ್ತು. ಹೊಸ ಪೈಪು ಹಾಕಿ, ತಗಡು ತೆಗೆದು, ವಾಲ್ವು ಶುಚಿ ಮಾಡಿ ಕಳಿಸಿದೆವು. ಟರ್ಬೊಗೆ ಕೈ ಹಚ್ಚಲಿಲ್ಲ. ರೈಟರು ಬಿಲ್ಲನ್ನು ಎರಡೆರಡು ಸಲ ಓದಿದರು. ಕಡಿಮೆ ಆಯಿತು ಎಂದು ಅನುಮಾನವೋ ಏನೋ.

ಕಪ್ಪು ಹೊಗೆಗೆ ಇಜಿಆರ್ ಕಡೆಯಿಂದಲೇ ಕಾರಣ ಇದ್ದರೆ ಅದು ಇನ್ನೊಂದು ಬಗೆಯದು: ಎಳೆತ ಬಂದದ್ದು ಬಿಡುವುದೇ ಇಲ್ಲ. ಸೊಲೆನಾಯ್ಡಿಗೆ ಹೊರಗಿನ ಗಾಳಿ ಬಿಟ್ಟುಕೊಳ್ಳಲು ಒಂದು ಸಣ್ಣ ಬಾಯಿ ಇರುತ್ತದೆ, ಅದಕ್ಕೊಂದು ಪುಟ್ಟ ಫಿಲ್ಟರು. ಇಜಿಆರ್ ಮುಚ್ಚಬೇಕಾದಾಗ ಅಲ್ಲಿಂದ ಗಾಳಿ ಒಳಹೋಗಿ ಎಳೆತ ಸಡಿಲವಾಗಬೇಕು. ತೋಟದ ದಾರಿಯ ಕೆಂಪು ಧೂಳು ಆ ಫಿಲ್ಟರನ್ನು ಮುಚ್ಚಿತೆಂದರೆ ಡಯಾಫ್ರಮ್ ಎಳೆದದ್ದು ಎಳೆದಂತೆಯೇ ಇರುತ್ತದೆ. ಏರಿನಲ್ಲಿ ಕಾಲು ಒತ್ತಿದರೂ ಇಂಜಿನ್ ತನ್ನ ಹೊಗೆಯನ್ನೇ ಕುಡಿಯುತ್ತದೆ. ಸೊಲೆನಾಯ್ಡಿನ ಎರಡು ಪೈಪನ್ನು ಅದಲುಬದಲು ಸಿಕ್ಕಿಸಿದರೂ ಇಂಥದೇ ಅವಾಂತರ. ಇಂಜಿನ್ ಇಳಿಸಿ ಹತ್ತಿಸಿದ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು. ಈ ದೋಷಕ್ಕೆ ಖರ್ಚು ಏನು? ಫಿಲ್ಟರನ್ನು ಊದಿ ತೊಳೆಯುವುದು, ಪೈಪು ತಿರುಗಿಸಿ ಹಾಕುವುದು. ಇದಕ್ಕೂ ತಗಡೇ ಹೊಡೆಯುತ್ತಾರೆ.

ಪೈಪಿನ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಏರುತ್ತದೆ. ವ್ಯಾಕ್ಯೂಮ್ ಪೈಪು ಗೋಡೆ ದಪ್ಪ ಇರುವ, ಶಾಖ ಮತ್ತು ಎಣ್ಣೆ ತಡೆಯುವ ರಬ್ಬರಿನದಾಗಿರಬೇಕು. ನಾನು ಕಂಡಿರುವುದು ಆಸ್ಪತ್ರೆಯ ಡ್ರಿಪ್ ಪೈಪು, ಮೀನಿನ ತೊಟ್ಟಿಯ ಪೈಪು, ಸ್ಕೂಟರಿನ ಪೆಟ್ರೋಲ್ ಪೈಪು. ತಣ್ಣಗಿದ್ದಾಗ ಇವು ಕೆಲಸ ಮಾಡುತ್ತವೆ. ಬಿಸಿಯೇರಿದ ಮೇಲೆ ಮೆತ್ತಗಾಗಿ, ಎಳೆತಕ್ಕೆ ಒಳಗಿನಿಂದಲೇ ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಹೊರಗೆ ಸೋರಿಕೆಯೇ ಇಲ್ಲ, ಗೇಜ್ ಹಾಕಿದರೆ ಪಂಪಿನ ಬಳಿ ಪೂರ್ತಿ ಎಳೆತ, ವಾಲ್ವಿನ ಬಳಿ ಸೊನ್ನೆ. ಮಲೆನಾಡಿನಲ್ಲಿ ಇಲಿಯ ಕಾಟ ಬೇರೆ. ಮಳೆಗಾಲದಲ್ಲಿ ನಿಂತ ಗಾಡಿಯ ಬಾನೆಟ್ಟಿನಡಿ ಬೆಚ್ಚಗಿರುತ್ತದೆ, ಅಲ್ಲೇ ಸಂಸಾರ ಹೂಡಿ ಪೈಪು ಕಡಿಯುತ್ತವೆ. ಪೈಪಿನೊಳಗೆ ಎಣ್ಣೆ ಕಂಡರೆ ಮಾತ್ರ ಪೈಪು ಬದಲಿಸಿ ಸುಮ್ಮನಾಗಬಾರದು. ಎಣ್ಣೆ ಪಂಪಿನಿಂದ ಬರುತ್ತಿದೆ ಎಂದರ್ಥ. ಇಂದು ಪೈಪು ಉಬ್ಬಿದೆ, ನಾಳೆ ಡಯಾಫ್ರಮ್ ಹೋಗುತ್ತದೆ, ಬೂಸ್ಟರಿನ ರಬ್ಬರೂ ಹೋಗುತ್ತದೆ.

ಪಂಪೇ ಕೆಟ್ಟಿದೆಯೋ, ಮುಂದೆ ಸೋರುತ್ತಿದೆಯೋ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಇಂಜಿನ್ ಬಿಸಿಯಾದ ಮೇಲೆ ಪಂಪಿನ ಬಾಯಿಗೆ ನೇರ ಗೇಜ್ ಹಾಕಿ, ಉಳಿದದ್ದೆಲ್ಲ ಕಳಚಿ. ಮುಳ್ಳು ಬೇಗ ಏರಿ ಗಟ್ಟಿಯಾಗಿ ನಿಂತರೆ ಪಂಪು ಸರಿ. ಏರಲು ತಿಣುಕಿದರೆ ವೇನ್ ಸವೆದಿದೆ, ಇಲ್ಲವೇ ಪಂಪಿಗೆ ಎಣ್ಣೆ ಸಾಲುತ್ತಿಲ್ಲ. ಡೈನಮೋ ರಿವೈಂಡ್ ಮಾಡಿಸಿದ ಗಾಡಿಯಾದರೆ ಬೆನ್ನಿನ ಪಂಪನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ. ಪಂಪು ಸರಿ ಎಂದಾದರೆ ಪೈಪುಗಳನ್ನು ಒಂದೊಂದಾಗಿ ಮತ್ತೆ ಜೋಡಿಸುತ್ತ ಬನ್ನಿ. ಯಾವುದನ್ನು ಜೋಡಿಸಿದಾಗ ಮುಳ್ಳು ಬೀಳುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ. ಕೊನೆಗೆ ಕೈಪಂಪಿನಿಂದ ಇಜಿಆರ್ ಡಯಾಫ್ರಮ್ಮಿಗೆ ಎಳೆತ ಕೊಡಿ. ಐಡಲ್‌ನಲ್ಲಿರುವ ಇಂಜಿನ್ನಿನ ಸದ್ದು ಬದಲಾಗಬೇಕು, ಒರಟಾಗಬೇಕು. ಪೈಪು ಕಿತ್ತೊಡನೆ ಮೊದಲಿನಂತಾಗಬೇಕು. ಎಳೆತ ನಿಲ್ಲುತ್ತಲೇ ಇಲ್ಲವಾದರೆ ಡಯಾಫ್ರಮ್ ಹರಿದಿದೆ. ನಿಂತರೂ ಇಂಜಿನ್ ಕ್ಯಾರೇ ಅನ್ನದಿದ್ದರೆ ಮಸಿ ಕಟ್ಟಿದೆ. ವಾಲ್ವನ್ನು ದೂರಬೇಕಾದದ್ದು ಈ ಹಂತದಲ್ಲಿ, ಇದಕ್ಕೆ ಮೊದಲಲ್ಲ.

ಒಂದು ಎಚ್ಚರಿಕೆ. ತಣ್ಣನೆಯ ಇಂಜಿನ್ನಿನಲ್ಲಿ ಸೊಲೆನಾಯ್ಡಿನಾಚೆ ಎಳೆತ ಕಾಣದಿದ್ದರೆ ಅದು ದೋಷವಲ್ಲ. ಇಂಜಿನ್ ಬಿಸಿಯಾಗುವ ತನಕ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಇಜಿಆರ್ ತೆರೆಯುವುದೇ ಇಲ್ಲ. ಕಾಲು ಪೂರ್ತಿ ಒತ್ತಿದಾಗಲೂ ತೆರೆಯುವುದಿಲ್ಲ. ಕೆಲವು ಗಾಡಿಗಳಲ್ಲಿ ಐಡಲ್‌ನಲ್ಲಿ ಬಹಳ ಹೊತ್ತು ಬಿಟ್ಟರೂ ಮುಚ್ಚಿಬಿಡುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ, ಬೆರಳಿಟ್ಟು ನೋಡಿ, ‘ವ್ಯಾಕ್ಯೂಮ್ ಬರ್ತಿಲ್ಲ, ಸೊಲೆನಾಯ್ಡ್ ಡೆಡ್’ ಎಂದು ತೀರ್ಪು ಕೊಟ್ಟವರನ್ನು ನೋಡಿದ್ದೇನೆ. ಸ್ಕ್ಯಾನರ್ ಹಿಡಿದವರದು ಇನ್ನೊಂದು ಬಗೆ. ‘ಪಿ0401 ಬಂದಿದೆ, ಇಜಿಆರ್ ಬದಲಿಸಿ’ ಎನ್ನುತ್ತಾರೆ. ಆ ಕೋಡ್ ಹೇಳುವುದು ವಾಪಸ್ ಬರಬೇಕಾದಷ್ಟು ಹೊಗೆ ಬರುತ್ತಿಲ್ಲ ಎಂದಷ್ಟೇ. ಏಕೆ ಬರುತ್ತಿಲ್ಲ ಎನ್ನುವುದು ಅದಕ್ಕೆ ಗೊತ್ತಿಲ್ಲ. ಸೀಳಿದ ಪೈಪಿಗೂ ಅದೇ ಕೋಡ್, ತಗಡು ಹೊಡೆದ ಗಾಡಿಗೂ ಅದೇ ಕೋಡ್.

ಗೇಜ್ ಇದ್ದವರೂ ಎಡವುವುದು ನಮ್ಮ ಊರಿನ ಎತ್ತರದಿಂದ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 29.92 ಇಂಚು ಪಾದರಸ, ಅಂದರೆ 760 ಮಿಲಿಮೀಟರ್. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 27 ತೋರಿಸುವ ಒಳ್ಳೆಯ ಪಂಪು, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 24 ತೋರಿಸಿದರೆ ಅದು ಕೆಟ್ಟಿದೆ ಎಂದಲ್ಲ. ಚಿಕ್ಕಮಗಳೂರು ಇನ್ನೂ ಎತ್ತರ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ 26 ಇಂಚಿನ ಆಸುಪಾಸಿನಲ್ಲಿರುವಾಗ 27 ಇಂಚು ಎಳೆಯುವ ಪಂಪು ಲೋಕದಲ್ಲೇ ಇಲ್ಲ. ಕೈಪಿಡಿಯಲ್ಲಿ 27 ಎಂದು ಅಚ್ಚಾಗಿದೆ, ಇಲ್ಲಿ 24 ಬರುತ್ತಿದೆ, ಪಂಪು ಬದಲಿಸಬೇಕು ಎಂದು ಹೇಳಿಸಿಕೊಂಡು, ಹೊಸ ಪಂಪು ಹಾಕಿಸಿಕೊಂಡು, ಅದರಲ್ಲೂ 24 ಬಂದದ್ದಕ್ಕೆ ‘ಡೂಪ್ಲಿಕೇಟ್ ಪಾರ್ಟ್ ಕೊಟ್ಟರು’ ಎಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋದವರೂ ಇದ್ದಾರೆ. ಐಟಿಐಯಲ್ಲಿ ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಊರು ಹೆಸರು ಹೇಳಿ, ಅಲ್ಲಿ ಗೇಜ್ ಎಷ್ಟು ತೋರಿಸಬೇಕು ಎಂದು ಕೇಳುತ್ತಿದ್ದೆ. ಕಡೂರಿನ ಹುಡುಗರಿಗೂ ಶೃಂಗೇರಿಯ ಹುಡುಗರಿಗೂ ಜಗಳ ಹತ್ತುತ್ತಿತ್ತು. ಆ ಜಗಳ ನನಗೆ ಇಷ್ಟ.

ಇಷ್ಟೆಲ್ಲ ಕೇಳಿದ ಮೇಲೂ ತೋಟದ ಮಾಲೀಕರು ಕೇಳುವ ಮಾತೊಂದಿದೆ: ‘ಸುತ್ತ ಇಷ್ಟು ಕಾಡಿದೆಯಲ್ಲ ಮೇಷ್ಟ್ರೇ, ನನ್ನ ಒಂದು ಜೀಪಿನ ಹೊಗೆಯಿಂದ ಏನಾಗುತ್ತೆ?’ ಕಾಡಿನ ವಿಷಯ ಬಿಡಿ, ನಿಮ್ಮ ಬ್ರೇಕಿನ ವಿಷಯ ಮಾತಾಡೋಣ ಎನ್ನುತ್ತೇನೆ. ತಗಡು ಹೊಡೆದವರು ಇಜಿಆರ್‌ಗೆ ಹೋಗುತ್ತಿದ್ದ ಸಣ್ಣ ಪೈಪನ್ನು ಏನು ಮಾಡುತ್ತಾರೆ? ಕೆಲವರು ಹಾಗೇ ಬಿಡುತ್ತಾರೆ, ಪರವಾಗಿಲ್ಲ. ಕೆಲವರು ಕಿತ್ತು ನೇತಾಡಿಸುತ್ತಾರೆ. ಕೆಲವರು ಒಂದು ಸ್ಕ್ರೂ ತುರುಕುತ್ತಾರೆ, ಅದು ಅಲುಗಾಟಕ್ಕೆ ಉದುರುತ್ತದೆ. ಬ್ರೇಕ್ ಬೂಸ್ಟರಿಗೆ ಎಳೆತ ಕೊಡುವ ಪಂಪೇ ಈ ಬಾಯಿಗೂ ಗಾಳಿ ಎಳೆಯುತ್ತ ಕೂರುತ್ತದೆ. ಸಣ್ಣ ಪೈಪು ಒಡೆದರೂ ದೊಡ್ಡದಕ್ಕೆ ಕೊರತೆಯಾಗದಿರಲಿ ಎಂದು ಕೆಲವು ಕಂಪನಿಗಳು ದಾರಿಯಲ್ಲಿ ಸೂಜಿಗಾತ್ರದ ರಂಧ್ರವಿರುವ ತಡೆಯೊಂದನ್ನು ಇಟ್ಟಿರುತ್ತವೆ. ಪೈಪು ಬದಲಿಸುವಾಗ ‘ಇದೇನೋ ಕಸ ಸಿಕ್ಕಿಕೊಂಡಿದೆ’ ಎಂದು ಅದನ್ನು ಕಿತ್ತೆಸೆದದ್ದನ್ನು ಕಂಡಿದ್ದೇನೆ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಗಾಡಿ ಸಣ್ಣ ಗೇರಿನಲ್ಲಿ, ಕಾಲು ಮತ್ತೆ ಮತ್ತೆ ಬ್ರೇಕಿನ ಮೇಲೆ. ಒಂದೊಂದು ಸಲ ಒತ್ತಿದಾಗಲೂ ಬೂಸ್ಟರಿನೊಳಗಿನ ಎಳೆತ ಒಂದಿಷ್ಟು ಖರ್ಚಾಗುತ್ತದೆ. ಮುಂದಿನ ತಿರುವಿನೊಳಗೆ ಪಂಪು ಅದನ್ನು ತುಂಬಿಕೊಡಬೇಕು. ಸೋರುವ ಗಾಡಿಯಲ್ಲಿ ತುಂಬುವುದು ತಡವಾಗುತ್ತದೆ. ಪೆಡಲ್ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಬ್ರೇಕ್ ಪೂರ್ತಿ ಹೋಗುವುದಿಲ್ಲ, ಆದರೆ ಕಾಲಿನ ಬಲವನ್ನಷ್ಟೇ ನಂಬಿ, ಮಂಜಿನಲ್ಲಿ, ಎದುರು ಲಾರಿ ಬರುವ ತಿರುವಿನಲ್ಲಿ ತುಂಬಿದ ಗಾಡಿಯನ್ನು ನಿಲ್ಲಿಸಬೇಕಾಗುತ್ತದೆ. ‘ಬ್ರೇಕ್ ಹಾರ್ಡ್ ಆಗಿದೆ’ ಎಂದು ಲೈನರ್ ಬದಲಿಸಿಕೊಂಡು ಬಂದ ಟ್ಯಾಕ್ಸಿಯವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಇಜಿಆರ್‌ಗೆ ಯಾವಾಗ ಪ್ಲೇಟ್ ಹೊಡೆಸಿದಿರಿ ಎಂದು. ಅವರಿಗೆ ಆಶ್ಚರ್ಯ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು.

ಇದನ್ನು ತಡೆಯಬೇಕಾದ ವ್ಯವಸ್ಥೆ ಏನು ಮಾಡುತ್ತಿದೆ? ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಬಿಎಸ್-4ಕ್ಕಿಂತ ಹಿಂದಿನದಕ್ಕೆ ಮೀಟರಿಗೆ 2.45, ಬಿಎಸ್-4ಕ್ಕೆ 1.62 ಎಂಬ ಮಿತಿ. ನೈಟ್ರೋಜನ್ ಆಕ್ಸೈಡ್ ಕಣ್ಣಿಗೆ ಕಾಣುವ ಹೊಗೆಯಲ್ಲ, ಆ ಯಂತ್ರಕ್ಕೂ ಕಾಣುವುದಿಲ್ಲ. ಇಜಿಆರ್ ಮುಚ್ಚಿದರೆ ಮಸಿ ಕಡಿಮೆಯಾಗುವುದರಿಂದ ಮಾಲಿನ್ಯ ನಿಯಂತ್ರಣದ ಸಾಧನವನ್ನು ಕಿತ್ತ ಗಾಡಿಯೇ ಮಾಲಿನ್ಯ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗಬಹುದು. ಹೀಗೆ ಪಾಸಾದ ಚೀಟಿಯನ್ನು ಗಾಜಿನ ಹಿಂದೆ ಇಟ್ಟುಕೊಂಡು ಓಡಾಡುತ್ತಿದ್ದೇವೆ.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಂ ಹಾಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಹೇಳುತ್ತದೆ. ಎರಡೂ ಕಡೆ ಬೆರಳು ತೋರಿಸುವುದು ಮಾಲೀಕನ ಕಡೆಗೆ. ಬಾಳೆಹೊನ್ನೂರಿನ ಆ ಸಾವ್ಕಾರರಿಗೆ ತನ್ನ ಪಿಕಪ್ಪಿನಲ್ಲಿ ತಗಡಿದೆ ಎನ್ನುವುದು ರೈಟರು ಹೋಗಿ ಹೇಳುವವರೆಗೆ ಗೊತ್ತಿತ್ತೋ ಇಲ್ಲವೋ. ತಗಡು ಕತ್ತರಿಸಿ ಬಿಗಿದ ಶೆಡ್ಡಿನವನ ಹೆಸರು ಆ ಕಲಮುಗಳಲ್ಲಿಲ್ಲ. ಅಮೆರಿಕದಲ್ಲಿ ಶುದ್ಧ ಗಾಳಿ ಕಾಯ್ದೆ ಮೊದಲು ಕಂಪನಿ ಮತ್ತು ಡೀಲರುಗಳನ್ನಷ್ಟೇ ಹಿಡಿಯುತ್ತಿತ್ತು, 1977ರ ತಿದ್ದುಪಡಿಯಲ್ಲಿ ರಿಪೇರಿ ಮಾಡುವವರನ್ನೂ ಒಳಗೆ ತಂದರು, ಗಾಡಿಯ ಮಾಲೀಕರವರೆಗೆ ಬಂದದ್ದು 1990ರಲ್ಲಿ. ನಾವು ತಲೆಕೆಳಗಾಗಿ ಶುರು ಮಾಡಿದ್ದೇವೆ. ನನ್ನ ಮಟ್ಟಿಗೆ ಮೊದಲು ಹಿಡಿಯಬೇಕಾದದ್ದು ಕೆಲಸ ಬಲ್ಲವರನ್ನೇ, ಅಂದರೆ ನಮ್ಮನ್ನು.

ಹಿಡಿಯುವ ಮೊದಲು ಕೈಗೊಂದು ಗೇಜ್ ಕೊಡಬೇಕು ಎನ್ನುವುದೂ ನ್ಯಾಯವೇ. ಡೀಸೆಲ್ ಮೆಕ್ಯಾನಿಕ್ ವೃತ್ತಿ ಒಂದು ವರ್ಷದ ಕೋರ್ಸು. ಅಷ್ಟರಲ್ಲಿ ಹುಡುಗ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತರೆ ಹೆಚ್ಚು. ವರ್ಕ್‌ಶಾಪಿನ ಬೀರುವಿನಲ್ಲಿ ವ್ಯಾಕ್ಯೂಮ್ ಗೇಜ್ ಒಂದಿರುತ್ತದೆ, ದಾಸ್ತಾನು ಪುಸ್ತಕದಲ್ಲಿ ಕಾಣೆಯಾಗಬಾರದೆಂದು ಅದು ಬೀರುವಿನಲ್ಲೇ ಉಳಿಯುತ್ತದೆ. ನಾನಿದ್ದಾಗಲೂ ಅದನ್ನು ಹೊರತೆಗೆಯಲು ಸ್ಟೋರಿನವರ ಜೊತೆ ವಾದ ಮಾಡಬೇಕಾಗಿತ್ತು. ಕೈಪಂಪು ಮತ್ತು ಗೇಜ್ ಎರಡೂ ಇರುವ ಪೆಟ್ಟಿಗೆಗೆ ಒಂದು ಒಳ್ಳೆಯ ಸಾಕೆಟ್ ಸೆಟ್ಟಿನಷ್ಟೂ ಬೆಲೆಯಿಲ್ಲ. ತರಬೇತಿ ಇಲಾಖೆ ಮನಸ್ಸು ಮಾಡಿದರೆ ಕೋರ್ಸು ಮುಗಿಸಿದ ಪ್ರತಿ ಹುಡುಗನ ಕೈಗೂ, ಈಗ ಅಲ್ಲಲ್ಲಿ ಸೇರುತ್ತಿರುವ ಹುಡುಗಿಯರ ಕೈಗೂ ಸರ್ಟಿಫಿಕೇಟಿನ ಜೊತೆ ಇದನ್ನೊಂದು ಕೊಡುವುದು ಕಷ್ಟವಲ್ಲ. ಸಾರಿಗೆ ಇಲಾಖೆಯವರು ಎಫ್‌ಸಿಗೆ ಬಂದ ಗಾಡಿಯ ಬಾನೆಟ್ ಎತ್ತಿ ಇಜಿಆರ್ ಬಳಿ ತಗಡಿನ ಅಂಚು ಇಣುಕುತ್ತಿದೆಯೇ, ಪೈಪು ನೇತಾಡುತ್ತಿದೆಯೇ ಎಂದು ನೋಡುವುದಕ್ಕೆ ಟಾರ್ಚಿಗಿಂತ ಹೆಚ್ಚಿನ ಉಪಕರಣ ಬೇಕಿಲ್ಲ.

ಹೊಸ ಬಿಎಸ್-6 ಗಾಡಿಗಳಲ್ಲಿ ಬಹುಮಟ್ಟಿಗೆ ಇಜಿಆರ್ ವಿದ್ಯುತ್ ಮೋಟಾರಿನದು, ಈ ಪೈಪುಗಳ ರಗಳೆ ಅವಕ್ಕಿಲ್ಲ. ಅಂತ ಹೇಳಿ ಹಳೆಯದನ್ನು ಮರೆಯುವಂತಿಲ್ಲ. ಮಲೆನಾಡಿನಲ್ಲಿ ಯಾರೂ ಜೀಪನ್ನು ಬೇಗ ಬಿಡುವುದಿಲ್ಲ. ಈಗ ಓಡುತ್ತಿರುವ ವ್ಯಾಕ್ಯೂಮ್ ಗಾಡಿಗಳು ನನ್ನ ಶಿಷ್ಯನ ಶೆಡ್ಡಿಗೆ ಇನ್ನೂ ಬಹಳ ವರ್ಷ ಬರುತ್ತಲೇ ಇರುತ್ತವೆ.

ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರು ಇವತ್ತೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿ. ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಬಿಡಿ, ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಅಥವಾ ಬಹಳ ನಿಧಾನಕ್ಕೆ ಇಳಿದರೆ ಘಾಟಿಗೆ ಹೋಗಬೇಡಿ, ಶೆಡ್ಡಿಗೆ ಹೋಗಿ. ಅಲ್ಲಿ ಮೇಸ್ತ್ರಿ ತಗಡು ಕೈಗೆತ್ತಿಕೊಂಡರೆ, ಪಂಪಿನಲ್ಲಿ ಎಷ್ಟು ಇಂಚು ಬಂತು, ವಾಲ್ವಿನ ಬಳಿ ಎಷ್ಟು ಬಂತು ಎಂದು ಕೇಳಿ. ಎರಡು ಅಂಕಿ ಹೇಳಿದರೆ ಅವನ ಕೈಗೆ ಗಾಡಿ ಕೊಡಿ. ಹೇಳದಿದ್ದರೆ ಕೀ ವಾಪಸ್ ತೆಗೆದುಕೊಳ್ಳಿ.